ಆರೋಗ್ಯದ ಮೊದಲ ಮೆಟ್ಟಿಲು

ಉಡುಪಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಲ್ಲಿ ಹಿರಿಯಡಕವನ್ನು ದಾಟಿ ಮುಂದೆ ಸಾಗಿದರೆ ಪೆರ್ಡೂರು ಸಿಗುತ್ತದೆ. ಅನಂತಪದ್ಮನಾಭನ ದೇವಾಲಯಕ್ಕೂ ಯಕ್ಷಗಾನ ಮೇಳಕ್ಕೂ ಹೆಸರಾದ ಊರು ಇದು. ಗುಡ್ಡಗಳ ನಡುವಿನ ತಗ್ಗಿನಲ್ಲಿ ಗದ್ದೆ, ಅದರ ಅಂಚಿಗೆ ತೆಂಗು ಕಂಗುಗಳ ತೋಟ. ಮುಂಗಾರು ಹಿಡಿದ ಮೇಲೆ ರೈತರೂ ಕೂಲಿಯ ಹೆಂಗಸರೂ ಕಣಕಾಲು ಮುಳುಗುವ ಕೆಸರಿನಲ್ಲಿ ನಿಂತು ನೇಜಿ ನೆಡುತ್ತಾರೆ. ನಾಟಿಯ ಯಂತ್ರಗಳು ಬಂದಿರುವುದು ನಿಜ. ಆದರೆ ಗದ್ದೆಯ ಮೂಲೆ ಅಂಚುಗಳು ಇಂದಿಗೂ ಮನುಷ್ಯನ ಕೈಯನ್ನೇ ಕಾಯುತ್ತವೆ. ಕರಾವಳಿಯಲ್ಲಿ ಮಳೆಗಾಲವೆಂದರೆ ದುಡಿಮೆಯ ಕಾಲ. ಅದು ಜ್ವರದ ಕಾಲವೂ ಹೌದು.

ಆ ಜ್ವರಗಳಲ್ಲಿ ಇಲಿಜ್ವರವು ಒಂದು. ಸೋಂಕು ತಗುಲಿದ ಇಲಿ, ಹೆಗ್ಗಣ, ದನಕರುಗಳ ಮೂತ್ರದ ಮೂಲಕ ಇದರ ರೋಗಾಣು ಗದ್ದೆಯ ನೀರನ್ನು ಸೇರುತ್ತದೆ. ಅಂಗಾಲಿನ ಒಂದು ಬಿರುಕು, ಬೆರಳಿನ ಒಂದು ಗಾಯ ಅದರ ಪ್ರವೇಶಕ್ಕೆ ಸಾಕು. ಈ ರೋಗದ ಉಗ್ರರೂಪವನ್ನು 1886ರಲ್ಲಿ ಜರ್ಮನಿಯ ವೈದ್ಯನಾದ ಅಡಾಲ್ಫ್ ವೈಲ್ ಎಂಬಾತನು ವಿವರಿಸಿದನು. ಆದರೆ ಮೊದಲ ದಿನಗಳಲ್ಲಿ ಉಗ್ರವಾದುದೇನೂ ಕಾಣುವುದಿಲ್ಲ. ಜ್ವರ, ಚಳಿ, ತಲೆನೋವು, ಮೀನಖಂಡದ ನೋವು, ಕೆಲವರಿಗೆ ಕಣ್ಣು ಕೆಂಪಾಗುವುದು, ಇಷ್ಟೆ. ದಿನವಿಡೀ ಬಗ್ಗಿ ದುಡಿದವರಿಗೆ ಮೈಕೈ ನೋಯದಿರುತ್ತದೆಯೇ ಎಂದು ಕಷಾಯ ಕುಡಿದು ಮಲಗುವುದು ಸಹಜ. ಆ ಹಂತದಲ್ಲಿ ರೋಗವನ್ನು ಗುರುತಿಸಿದರೆ ಸಾಮಾನ್ಯವಾಗಿ ಅಲ್ಪ ಬೆಲೆಯ ಮಾತ್ರೆಗಳಿಂದಲೇ ಗುಣವಾಗುತ್ತದೆ. ತಡವಾದರೆ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಪೆಟ್ಟು ಬೀಳಬಹುದು, ರೋಗಿಗೆ ಡಯಾಲಿಸಿಸ್ ಯಂತ್ರದ ಆಸರೆ ಬೇಕಾಗಬಹುದು, ಪ್ರಾಣವೇ ಹೋಗಲೂಬಹುದು. ಹಳ್ಳಿಯಲ್ಲಿ ಮಾತ್ರೆಗಳಿಂದ ಮುಗಿಯಬೇಕಾಗಿದ್ದ ಸಂಗತಿಯು ನಗರದ ತೀವ್ರನಿಗಾ ಘಟಕವನ್ನು ತಲುಪುವುದಕ್ಕೆ ಕಾರಣವಾದುದು ನಡುವೆ ಕಳೆದುಹೋದ ನಾಲ್ಕೈದು ದಿನಗಳು.

ಆರೋಗ್ಯವೆಂಬ ಪದದ ಅರ್ಥವನ್ನು ಇಲ್ಲಿ ವಿಚಾರಿಸಬೇಕಾಗುತ್ತದೆ. ಪದವನ್ನು ಒಡೆದರೆ ರೋಗವಿಲ್ಲದಿರುವಿಕೆ ಎಂಬ ಅರ್ಥ ಬರುತ್ತದೆ. 1946ರಲ್ಲಿ ರಚಿತವಾದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಇದಕ್ಕೆ ತೃಪ್ತಿಪಡದೆ, ದೈಹಿಕ, ಮಾನಸಿಕ ಮತ್ತು ಸಾಮಾಜಿಕವಾದ ಪೂರ್ಣ ಕ್ಷೇಮವೇ ಆರೋಗ್ಯವೆಂದು ಸಾರಿತು. ‘ಪೂರ್ಣ’ ಎಂಬ ಮಾತು ತುಸು ಅತಿಯಾಯಿತೆಂದೇ ಹೇಳಬೇಕು. ಆ ಅಳತೆಗೆ ನಿಲ್ಲುವವರು ಯಾವ ಊರಿನಲ್ಲಿಯೂ ಸಿಗಲಾರರು. ಆದರೆ ‘ಸಾಮಾಜಿಕ’ ಎಂಬ ಮಾತನ್ನು ಬಿಡುವಂತಿಲ್ಲ. ನೇಜಿ ನೆಡುವ ಹೆಂಗಸು ಜ್ವರ ಬಂದ ದಿನವೇ ವೈದ್ಯರನ್ನು ಕಾಣದಿರುವುದು ಅಜ್ಞಾನದಿಂದ ಮಾತ್ರವಲ್ಲ. ಅಂದಿನ ಕೂಲಿ ತಪ್ಪುತ್ತದೆ. ಬಸ್ಸಿನ ಖರ್ಚು ಬೀಳುತ್ತದೆ. ಅವಳ ಆರೋಗ್ಯದಲ್ಲಿ ಕೂಲಿಯ ದರವೂ ಚಿಕಿತ್ಸಾಲಯದ ದೂರವೂ ಸೇರಿಕೊಂಡಿವೆ.

ಈ ದೂರವನ್ನು ಕಡಿಮೆ ಮಾಡುವುದಕ್ಕಾಗಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದವು. 1943ರಲ್ಲಿ ನೇಮಕಗೊಂಡ ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿ ವರದಿ ಸಲ್ಲಿಸಿ, ಹಣ ಕೊಡಲಾರದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಹೇಳಿತು. ರೋಗ ವಾಸಿಮಾಡುವ ಕೆಲಸವೂ ರೋಗ ತಡೆಯುವ ಕೆಲಸವೂ ಒಂದೇ ಕೇಂದ್ರದಲ್ಲಿ ನಡೆಯಬೇಕೆಂದೂ ಹೇಳಿತು. ಇಂದಿನ ನಿಯಮದಂತೆ ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕು. ಅದರ ಕೆಳಗೆ 5,000 ಅಥವಾ 3,000 ಜನರಿಗೆ ಒಂದು ಉಪಕೇಂದ್ರ. 2005ರಿಂದ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಇವರೊಂದಿಗೆ ಸೇರಿದ್ದಾರೆ. ಮೇಲಕ್ಕೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಕೊನೆಗೆ ಉಡುಪಿಯ ಅಜ್ಜರಕಾಡಿನಲ್ಲಿರುವಂಥ ಜಿಲ್ಲಾ ಆಸ್ಪತ್ರೆ.

ಪೆರ್ಡೂರಿನಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಆದರೆ ಬಸ್ಸಿನಲ್ಲಿ ಒಂದು ಗಂಟೆಯ ಹಾದಿಯೊಳಗೆ ಮಣಿಪಾಲವೂ ಇದೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಬೋಳುಗುಡ್ಡದ ಮೇಲೆ ಕಟ್ಟಿದ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆಯ ಬಗ್ಗೆ ನಾಡಿಗೆ ಅಭಿಮಾನವಿರುವುದು ಸರಿಯೆ. ಕಷ್ಟಕರ ರೋಗಗಳಿಗೆ ಅಂಥ ಸ್ಥಳವೇ ಬೇಕು. ಆದರೆ ದೊಡ್ಡ ಆಸ್ಪತ್ರೆಯು ಹತ್ತಿರವಿದ್ದ ಮಾತ್ರಕ್ಕೆ ಚಿಕ್ಕ ಕೇಂದ್ರವು ಅನಾವಶ್ಯಕವೆಂದು ಭಾವಿಸುವುದು ದೊಡ್ಡ ತಪ್ಪು. ಗದ್ದೆಗೆ ಇಳಿಯುವ ಮುನ್ನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳಿರೆಂದು ಎಚ್ಚರಿಸುವುದು, ಅಪಾಯವಿರುವವರಿಗೆ ವೈದ್ಯರ ಸಲಹೆಯಂತೆ ಮುನ್ನೆಚ್ಚರಿಕೆಯ ಮಾತ್ರೆ ಕೊಡುವುದು, ತೋಟದ ಅಡಿಕೆಹಾಳೆಯಲ್ಲಿ ನಿಂತ ನೀರನ್ನು ಚೆಲ್ಲಿಸುವುದು, ಇವು ಹತ್ತು ಅಂತಸ್ತಿನ ಕಟ್ಟಡದಲ್ಲಿ ಕುಳಿತು ಮಾಡುವ ಕೆಲಸಗಳಲ್ಲ.

ಜನರು ಮೊದಲ ಮೆಟ್ಟಿಲನ್ನು ಹಾರಿ ಹೋಗುತ್ತಾರೆಂಬ ದೂರು ಎಲ್ಲೆಡೆಯೂ ಕೇಳಿಬರುತ್ತದೆ. ಅವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಹಳ್ಳಿಯ ಕೇಂದ್ರಕ್ಕೆ ಹೋದ ದಿನ ವೈದ್ಯರ ಹುದ್ದೆ ಖಾಲಿಯಿದ್ದರೆ, ರಕ್ತಪರೀಕ್ಷೆಗೆ ಬೇರೆಡೆಗೆ ಹೋಗಿರೆಂದರೆ, ಎರಡನೆಯ ಸಲ ಯಾರು ಹೋಗುತ್ತಾರೆ? ವಿಶ್ವಾಸವು ಔಷಧದಷ್ಟೇ ಅವಶ್ಯಕ. ಒಮ್ಮೆ ಮುಗಿದರೆ ಅದನ್ನು ಮತ್ತೆ ತರಿಸುವುದು ಔಷಧ ತರಿಸಿದಷ್ಟು ಸುಲಭವಲ್ಲ.

ಇದಕ್ಕೆಲ್ಲ ಇನ್ನೊಂದು ಕಾರಣವೂ ಇದೆ. ಯಂತ್ರದ ಉದ್ಘಾಟನೆಗೆ ಚಪ್ಪರ ಹಾಕಬಹುದು. ಬಾರದೆ ಹೋದ ರೋಗಕ್ಕೆ ಸಮಾರಂಭ ಮಾಡಲಾಗುವುದಿಲ್ಲ. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಜಗತ್ತು ಘೋಷಿಸಿತು. ಭಾರತವು ಪೋಲಿಯೊದಿಂದ ಮುಕ್ತವೆಂಬ ಪ್ರಮಾಣಪತ್ರ 2014ರಲ್ಲಿ ದೊರೆಯಿತು. ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ತೋಡುಗಳನ್ನು ದಾಟಿದ ಕಾರ್ಯಕರ್ತರ ಹೆಸರುಗಳು ಯಾವ ಶಿಲಾಫಲಕದ ಮೇಲೂ ಕಾಣುವುದಿಲ್ಲ. ಆದುದರಿಂದಲೇ ಹಣ ಹಂಚುವ ಹೊತ್ತಿನಲ್ಲಿ ಉಪಕೇಂದ್ರದ ನೆನಪು ಕೊನೆಗೆ ಬರುತ್ತದೆ.

ಗ್ರಾಮಸಭೆಯಲ್ಲಿ ರಸ್ತೆಯನ್ನೂ ಬೀದಿದೀಪವನ್ನೂ ಕುರಿತು ಜನರು ಎದ್ದು ನಿಂತು ಕೇಳುತ್ತಾರೆ. ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡುವವರು ಇದ್ದಾರೆಯೇ, ನಾಟಿಗೆ ಮೊದಲೇ ಮಾತ್ರೆಗಳ ದಾಸ್ತಾನು ಬಂದಿದೆಯೇ ಎಂದು ಕೇಳುವವರು ವಿರಳ. ಮೇ ತಿಂಗಳು ಮುಗಿಯುವುದರೊಳಗೆ ಆ ಪ್ರಶ್ನೆಯನ್ನು ಕೇಳಿದರೆ, ಮಳೆ ಬರುವ ಮುನ್ನ ಉತ್ತರ ಕೊಡುವುದಕ್ಕೆ ಸಂಬಂಧಪಟ್ಟವರಿಗೆ ಸಮಯವಿರುತ್ತದೆ.