ದಸರಾ ಕುಸ್ತಿ: ಅಖಾಡ ನೋಡೋ ಮುಂಚೆ ಜೋಡಿ ನೋಡಿ

ಮೈಸೂರು: ದಸರಾ ಹತ್ತಿರ ಬಂತು ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಪೈಲ್ವಾನರ ಬಾಯಲ್ಲಿ ಒಂದೇ ಪ್ರಶ್ನೆ: ‘ಯಾರಿಗೆ ಯಾರು ಜೋಡಿ?’ ದೊಡ್ಡಕೆರೆ ಮೈದಾನದ ಡಿ.ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯೋ ನಾಡಕುಸ್ತಿಗೆ ಜನ ಸೇರೋದು ಆಮೇಲೆ. ಅರ್ಧ ಕುಸ್ತಿ ಅದಕ್ಕೂ ಮೊದಲೇ, ಜೋಡಿ ಕಟ್ಟುವ ದಿನವೇ ತೀರ್ಮಾನ ಆಗಿರುತ್ತೆ.

ಜೋಡಿ ಕಟ್ಟುವಾಗ ವಯಸ್ಸು, ತೂಕ ನೋಡುತ್ತಾರೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಇಬ್ಬರೂ ಒಪ್ಪಿ ಕೈ ಕೊಟ್ಟರೆ ಜೋಡಿ ಆಯಿತು. ಆದರೆ ತಕ್ಕಡಿಗೆ ಕಾಣದ ಸಂಗತಿಗಳೂ ಇವೆ. ನಮ್ಮ ತಾಲ್ಲೂಕುಗಳ ಹುಡುಗರು ಎಡವೋದು ಅಲ್ಲೇ.

ಬ್ಯಾರನ್ ನಿದ್ದೆಗೆಟ್ಟ ಮೈ

ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ದಸರಾಗೆ ಮುಂಚಿನ ದಿನಗಳು ಹೊಗೆಸೊಪ್ಪು ಬೇಯಿಸೋ ದಿನಗಳು. ಒಂದು ಬ್ಯಾರನ್ ಹದಕ್ಕೆ ಬರೋಕೆ ಐದಾರು ದಿನ ಬೇಕು. ಶಾಖ ಹೆಚ್ಚುಕಮ್ಮಿ ಆದರೆ ಸೊಪ್ಪು ಕೆಟ್ಟಂತೆ, ಹಾಗಾಗಿ ರಾತ್ರಿಯೆಲ್ಲ ಯಾರಾದರೂ ಒಬ್ಬರು ಎದ್ದಿರಲೇಬೇಕು. ಮನೆಯಲ್ಲಿ ಆ ಕೆಲಸ ಬೀಳೋದು ಹರೆಯದ ಹುಡುಗನ ಮೇಲೆ. ಕೆ.ಆರ್.ನಗರದ ನಾಲೆ ಬಯಲಲ್ಲಿ ಭತ್ತದ ಕೆಲಸ. ಸಿಟಿ ಗರಡಿಯ ಹುಡುಗ ಅದೇ ಹೊತ್ತಲ್ಲಿ ಬೆಳಿಗ್ಗೆ ಸಂಜೆ ಸಾಮು ಮಾಡಿ ಬಂದಿರುತ್ತಾನೆ. ಇಬ್ಬರೂ 70 ಕೆ.ಜಿ. ತೂಗಬಹುದು. ಆದರೆ ಒಬ್ಬನ ಉಸಿರು ಹತ್ತು ನಿಮಿಷ ತಡೆಯುತ್ತೆ, ಇನ್ನೊಬ್ಬನದು ನಾಲ್ಕಕ್ಕೇ ಮುಗಿಯುತ್ತೆ.

ನಮ್ಮ ಹುಡುಗರಿಗೂ ಒಂದು ಬಲ ಇದೆ. ಹೊಲದ ಕೆಲಸದಲ್ಲಿ ಬಂದ ಹಿಡಿತ ಗಟ್ಟಿ. ಮೊದಲ ಎರಡು ನಿಮಿಷದಲ್ಲಿ ಕೈ ಹಿಡಿದು ಪಟ್ಟು ಹಾಕಿದರೆ ಎದುರಾಳಿಗೆ ಬಿಡಿಸಿಕೊಳ್ಳೋದು ಕಷ್ಟ. ಕುಸ್ತಿ ಎಳೆದಷ್ಟೂ ಲಾಭ ಸಿಟಿಯವನಿಗೆ.

ಮಣ್ಣಿನವನೋ, ಮ್ಯಾಟಿನವನೋ?

ಜೋಡಿ ನೋಡುವಾಗ ಕೇಳಬೇಕಾದ ಎರಡನೇ ಪ್ರಶ್ನೆ ಇದು. ಮ್ಯಾಟ್ ಕುಸ್ತಿ ಮೂರು ಮೂರು ನಿಮಿಷದ ಎರಡು ಸುತ್ತು. ಕೆಳಗೆ ಕೆಡವಿದರೆ 2 ಅಂಕ, ಫ್ರೀಸ್ಟೈಲ್‌ನಲ್ಲಿ 10 ಅಂಕದ ಮುನ್ನಡೆ ಸಿಕ್ಕರೆ ಅಲ್ಲಿಗೇ ಮುಗೀತು. ನಾಡಕುಸ್ತಿಯಲ್ಲಿ ಅಂಕದ ಲೆಕ್ಕ ಇಲ್ಲ, ಬೆನ್ನು ಮಣ್ಣಿಗೆ ತಾಗಿ ಚಿತ್ ಆಗಬೇಕು. ಕೆಳಗೆ ಬಿದ್ದರೂ ಹೊಟ್ಟೆ ಊರಿ ನೆಲ ಹಿಡಿದವನು ಮಣ್ಣಿನಲ್ಲಿ ಇನ್ನೂ ಸೋತಿಲ್ಲ. ಮ್ಯಾಟ್ ಮೇಲೆ ಅವನೇ ಅಂಕ ಕಳೆದುಕೊಂಡು ಕೂತಿರುತ್ತಾನೆ. ಹಾಗಾಗಿ ಅದೇ ಜೋಡಿಯ ಫಲಿತಾಂಶ ನೆಲ ಬದಲಾದರೆ ಉಲ್ಟಾ ಆಗಬಹುದು. ಮಣ್ಣಲ್ಲಿ ಬೆಳೆದ ಹುಡುಗ ಮ್ಯಾಟಿಗೆ ಹೋಗುವ ಮುಂಚೆ ಇದನ್ನ ತಿಳಿದಿರಬೇಕು.

ಮೂರನೇದು ಗಾತ್ರ ಮತ್ತು ವೇಗ. ಎತ್ತರದ ಪೈಲ್ವಾನನ ಕಾಲು ಉದ್ದ, ಅದೇ ಅವನ ತೊಂದರೆ. ಕುಳ್ಳ, ಚುರುಕಿನವನು ಬಗ್ಗಿ ಕಾಲಿಗೆ ಕೈ ಹಾಕಿದರೆ ಮೇಲಿನವನಿಗೆ ಆಸರೆ ಇಲ್ಲ. ಆದರೆ ಹತ್ತು ಕೆ.ಜಿ. ವ್ಯತ್ಯಾಸ ಇದ್ದರೆ ಈ ಲೆಕ್ಕ ನಡೆಯೋದಿಲ್ಲ. ಭಾರದವನು ಮೈಮೇಲೆ ಬಿದ್ದರೇ ಸಾಕು, ಕುತ್ತಿಗೆಗೆ ಪೆಟ್ಟು.

ನೂರು ಗ್ರಾಂ ಬೆಲೆ

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆ.ಜಿ. ಫೈನಲ್ ದಿನ ವಿನೇಶ್ ಫೋಗಟ್ ಅನರ್ಹರಾಗಿದ್ದು ಕೇವಲ 100 ಗ್ರಾಂ ಹೆಚ್ಚಾಗಿದ್ದಕ್ಕೆ. ಅಲ್ಲಿ ಅಷ್ಟು ಕಟ್ಟುನಿಟ್ಟು. ನಮ್ಮ ಊರ ಜಾತ್ರೆ ಕುಸ್ತಿಗಳಲ್ಲಿ ಎಷ್ಟೋ ಸಲ ಕಣ್ಣಳತೆಯೇ ತೂಕ. ‘ನೋಡೋಕೆ ಸಮ ಇದಾರೆ, ಬಿಡಿ’ ಅಂದರೆ ಮುಗೀತು. ಹುಡುಗ ಬೇಡ ಅಂದರೆ ಹೆದರಿದ ಅಂತ ನಗ್ತಾರೆ. ಆ ನಗುವಿಗೆ ಅಂಜಿ ಕೈ ಕೊಟ್ಟವನು ಭುಜ ಉಳುಕಿಸಿಕೊಂಡು ಬಂದರೆ, ಒಂದು ಸೀಸನ್ನಿನ ಹಾಲು, ಬಾದಾಮಿ, ತುಪ್ಪದ ಖರ್ಚು ಮಣ್ಣುಪಾಲು. ಕೂಲಿಯೂ ಇಲ್ಲ.

ಸಮ ಇಲ್ಲದ ಜೋಡಿಯನ್ನ ಬೇಡ ಅನ್ನೋದು ಹೇಡಿತನ ಅಲ್ಲ, ಜೋಡಿ ಕಟ್ಟುವ ಪದ್ಧತಿ ಇರೋದೇ ಅದಕ್ಕೆ. ಆ ಮಾತನ್ನ ಹುಡುಗನ ಬಾಯಲ್ಲಿ ಆಡಿಸಬಾರದು, ಪಕ್ಕದಲ್ಲಿ ನಿಂತ ಉಸ್ತಾದ್ ಆಡಬೇಕು. ‘ದಸರಾ ಕಿಶೋರಿ’ ಪಟ್ಟದ ಕನಸಿರೋ ಹೆಣ್ಣುಮಕ್ಕಳಿಗೂ ಇದೇ ಮಾತು. ಜೊತೆಗೆ ಅಭ್ಯಾಸ ಮಾಡೋಕೆ ಊರಲ್ಲಿ ಸರಿಸಮಾನ ತೂಕದ ಇನ್ನೊಬ್ಬ ಹುಡುಗಿ ಸಿಗೋದೇ ಅಪರೂಪ.

ಜಾತ್ರೆ ಕುಸ್ತಿಗೆ ಚಂದಾ ಕೊಡೋರು ಪೇಟೆಯ ಅಂಗಡಿಯವರು. ಈ ಸಲ ಚಂದಾ ಜೊತೆ ಮಂಡಿಯ ತೂಕದ ಯಂತ್ರವನ್ನೂ ಒಂದು ದಿನದ ಮಟ್ಟಿಗೆ ಅಖಾಡಕ್ಕೆ ಕಳಿಸಿದರೆ ಖರ್ಚೇನೂ ಆಗಲ್ಲ. ರಾಗಿ ಮೂಟೆಯನ್ನೇ ಕಣ್ಣಳತೆಯಲ್ಲಿ ಕೊಳ್ಳದವರು, ಊರ ಹುಡುಗನನ್ನ ಕಣ್ಣಳತೆಯಲ್ಲಿ ಅಖಾಡಕ್ಕೆ ಇಳಿಸೋದು ಯಾಕೆ?