ತಿಮಿಂಗಿಲದ ಕಾಲೂ ಹತ್ತನೆಯ ತರಗತಿಯ ಪಾಠವೂ

ಕಡಲಿನಲ್ಲಿ ಬಾಳುವ ತಿಮಿಂಗಿಲ ಮೀನಲ್ಲ. ಉಸಿರಿಗಾಗಿ ಅದು ನೀರಿನ ಮೇಲೆ ಬರಲೇಬೇಕು. ಮರಿ ಹಾಕಿ ಹಾಲೂಡಿಸುತ್ತದೆ. ನೆಲದ ಪ್ರಾಣಿಯ ಈ ಗುಣಗಳು ಅದಕ್ಕೆ ಬಂದುದೆಲ್ಲಿಂದ? ಉತ್ತರ ಬಂಡೆಗಳಲ್ಲಿದೆ.

ಪಾಕಿಸ್ತಾನದಲ್ಲಿ ದೊರೆತ ಪಾಕಿಸೀಟಸ್ ಸುಮಾರು 5 ಕೋಟಿ ವರ್ಷಗಳ ಹಿಂದೆ ನಾಲ್ಕು ಕಾಲಿನಲ್ಲಿ ನಡೆಯುತ್ತಿತ್ತು. ಅನಂತರದ ಆಂಬುಲೋಸೀಟಸ್ ಕಾಲಿದ್ದೂ ಮೊಸಳೆಯಂತೆ ನೀರಿನಲ್ಲಿ ಬಾಳಿತು. ಈಜಿಪ್ಟಿನ ಮರಳುಗಾಡಿನಲ್ಲಿ ಸಿಕ್ಕಿದ, ಇನ್ನೂ ಈಚಿನ ಬೆಸಿಲೋಸಾರಸ್ ಸುಮಾರು 50 ಅಡಿ ಉದ್ದದ ಪೂರಾ ಕಡಲ ಪ್ರಾಣಿ. ಅದಕ್ಕೂ ಮೈ ಹೊರಲಾರದ ಗಿಡ್ಡ ಹಿಂಗಾಲುಗಳಿದ್ದುವು. ಇಂದಿನ ತಿಮಿಂಗಿಲದ ಮೈಯೊಳಗೆ ಸೊಂಟದೆಲುಬಿನ ತುಣುಕು ಮಾತ್ರ ಉಳಿದಿದೆ. ಅಂಗಡಿಯ ಕಿರ್ದಿಯಲ್ಲಿ ತಾರೀಖುಗಳು ಸಾಲಾಗಿ ಬರುವಂತೆ, ಬಂಡೆಯ ಪದರುಗಳಲ್ಲಿ ಕಾಲು ಕುಗ್ಗುತ್ತ ಬಂದಿದೆ.

ಈ ಕಿರ್ದಿಯ ಕೆಲವು ಪುಟಗಳು ನಮ್ಮ ದೇಶದಲ್ಲಿಯೇ ಇವೆ. ಜಮ್ಮುವಿನ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಕಲೆಹಾಕಿದ್ದ ಕಲ್ಲುಗಳನ್ನು ಅವರ ಮರಣಾನಂತರ ಪತ್ನಿಯವರು ಹಾನ್ಸ್ ಥೇವಿಸನ್ ಎಂಬ ವಿಜ್ಞಾನಿಗೆ ಒಪ್ಪಿಸಿದರು. ಅದರಲ್ಲಿದ್ದ ಬೆಕ್ಕಿನ ಗಾತ್ರದ, ಜಿಂಕೆಯಾಕಾರದ ಇಂಡೋಹ್ಯೂಸ್‌ನ ಕಿವಿಯ ಎಲುಬು ತಿಮಿಂಗಿಲದ ಕಿವಿಯೆಲುಬಿನ ಮಾದರಿಯದೇ ಎಂಬುದು 2007ರಲ್ಲಿ ಪ್ರಕಟವಾಯಿತು. ಅದು ತಿಮಿಂಗಿಲದ ಅಜ್ಜನಲ್ಲ, ಅಜ್ಜನ ದಾಯಾದಿ.

ಹೀಗಿರುವಲ್ಲಿ 2023ರಲ್ಲಿ ಎನ್.ಸಿ.ಇ.ಆರ್.ಟಿ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಪಾಠವನ್ನು ಕಿತ್ತುಹಾಕಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಪ್ರತಿಭಟಿಸಿ ಪತ್ರ ಬರೆದರು. ಮಕ್ಕಳ ಹೊರೆ ಇಳಿಸಿದೆವು, ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಈ ವಿಷಯ ಇದ್ದೇ ಇದೆ ಎಂಬುದು ಅಧಿಕಾರಿಗಳ ಸಮಾಧಾನ.

ಅಲ್ಲಿಯವರೆಗೆ ಜೀವಶಾಸ್ತ್ರ ಓದುವವರಾರು? ಗಿರಣಿ ಕಾರ್ಮಿಕನ ಮಗ ಹತ್ತು ಮುಗಿಸಿ ಐ.ಟಿ.ಐ. ಸೇರುತ್ತಾನೆ, ಇಲ್ಲವೇ ಕೂಲಿಗೆ ನಿಲ್ಲುತ್ತಾನೆ. ಸಣ್ಣ ವ್ಯಾಪಾರಿಯ ಮಗಳು ಕಾಮರ್ಸ್ ಹಿಡಿಯುತ್ತಾಳೆ. ಡಾಕ್ಟರಿಕೆಗೆ ಹೊರಟ ಕೆಲವರಿಗೆ ಮಾತ್ರ ಈ ಜ್ಞಾನ ಸಾಕು, ಉಳಿದವರಿಗೆ ಬೇಡ ಎಂದಂತಾಯಿತು. ಹೊರೆ ಇಳಿಸುವ ನೆವದಲ್ಲಿ ಬಡವನ ಬುತ್ತಿಯನ್ನೇ ಇಳಿಸಿದಂತಾಗಲಿಲ್ಲವೇ?

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯೇ ಹೇಳುತ್ತದೆ. ಕರ್ತವ್ಯ ಎಲ್ಲರಿಗೆ, ಪಾಠ ಕೆಲವರಿಗೆ ಎಂಬುದು ಯಾವ ನ್ಯಾಯ? ವಿಕಾಸವಾದದ ಪಾಠ ಎಲ್ಲ ಮಕ್ಕಳೂ ಓದುವ ಹತ್ತನೆಯ ತರಗತಿಯಲ್ಲಿಯೇ ಇರಬೇಕು. ಶಾಲೆಯ ಪೋಷಕರ ಸಭೆಗಳಲ್ಲಿ ನಮ್ಮ ಬಾಂಧವರು ಇದನ್ನು ಎತ್ತಬೇಕು. ಕಲ್ಲಿನಿಂದಲೂ ಸಾಕ್ಷ್ಯ ಕೇಳಲು ಕಲಿತ ಹುಡುಗ ನಾಳೆ ಬೋನಸ್ಸಿನ ಲೆಕ್ಕವನ್ನೂ ಕೇಳಿಯಾನು.