ರೋಬೋಟ್ ಇದೆಯೇ ಎಂದು ಕೇಳುವ ಮುನ್ನ

ಕಮಲಾಪುರ, ಕಂಪ್ಲಿ ಕಡೆ ಭತ್ತದ ಗದ್ದೆಯಲ್ಲಿ ನಾಟಿ ಹಾಕುವ ಹೆಣ್ಣುಮಕ್ಕಳು, ಕಬ್ಬು ಕಡಿಯುವವರು, ಬಾಳೆಗೊನೆ ಹೊರುವವರು, ಸಂಡೂರಿನ ಗಣಿಗಳಲ್ಲಿ ದುಡಿದು ವಯಸ್ಸಾದವರು, ಸುಶೀಲಾನಗರದಲ್ಲಿ ನೆಲದ ಮೇಲೆ ಕೂತು ಕಸೂತಿ ಹಾಕುವ ಲಂಬಾಣಿ ಅಜ್ಜಿಯರು, ಇವರೆಲ್ಲರ ದುಡಿಮೆಯ ಭಾರ ಕೊನೆಗೆ ಬೀಳುವುದು ಮೊಣಕಾಲಿನ ಮೇಲೆ. ಕುಕ್ಕರಗಾಲಲ್ಲಿ ಕೂತು, ಮಂಡಿಯೂರಿ, ಹೊರೆ ಹೊತ್ತು ವರ್ಷಗಟ್ಟಲೆ ದುಡಿದವರಲ್ಲಿ ಕೀಲು ಸವೆತ ಹೆಚ್ಚು ಎಂಬುದನ್ನು ವೈದ್ಯಲೋಕ ಒಪ್ಪಿದೆ. ಎಣ್ಣೆ, ಮಾತ್ರೆ, ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಒಂದು ದಿನ ಡಾಕ್ಟರು ‘ಮಂಡಿ ಬದಲಿಸಬೇಕು’ ಎನ್ನುತ್ತಾರೆ. ಮನೆಯವರ ವಿಚಾರಣೆ ಅಲ್ಲಿಂದ ಶುರುವಾಗುತ್ತದೆ: ಯಾವ ಕಂಪನಿಯದು? ಎಷ್ಟು ಖರ್ಚು? ರೋಬೋಟ್ ಇದೆಯೇ?

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಮೂಳೆಯನ್ನು ಯಾವ ಕೋನದಲ್ಲಿ ಕತ್ತರಿಸುತ್ತಾರೆ, ಆ ಕೋನ ಸರಿಯಾಗಿದೆ ಎಂದು ಹೇಗೆ ಖಚಿತಪಡಿಸಿಕೊಳ್ಳುತ್ತಾರೆ? ಹೊಸ ಮಂಡಿಯ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವ ಕೆಲಸ ಅದು.

ಈ ಶಸ್ತ್ರಚಿಕಿತ್ಸೆ ಭಾರತದಲ್ಲಿ ಮನೆಮಾತಾದದ್ದು 2000ದ ಅಕ್ಟೋಬರಿನಲ್ಲಿ, ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಎಡ ಮಂಡಿ ಬದಲಿಸಿಕೊಂಡಾಗ. ಮರುವರ್ಷ ಜೂನ್‌ನಲ್ಲಿ ಬಲ ಮಂಡಿಯ ಸರದಿ. ಶಸ್ತ್ರಚಿಕಿತ್ಸೆ ಮಾಡಿದವರು ಮಧ್ಯಪ್ರದೇಶದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಹೆಸರಾದ ಡಾ. ಚಿತ್ತರಂಜನ್ ರಾಣಾವತ್. 1970ರ ದಶಕದಲ್ಲಿ ಅಲ್ಲಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಜಾನ್ ಇನ್ಸಾಲ್, ಪೀಟರ್ ವಾಕರ್ ಅವರೊಂದಿಗೆ ‘ಟೋಟಲ್ ಕಾಂಡೈಲರ್’ ಮಂಡಿಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಇಂದು ಜಗತ್ತಿನಾದ್ಯಂತ ಕೂರಿಸುವ ಕೃತಕ ಮಂಡಿಗಳಲ್ಲಿ ಹೆಚ್ಚಿನವು ಅದೇ ವಂಶದವು. ಆ ತಲೆಮಾರಿನ ವೈದ್ಯರು ಕಲಿಸಿಕೊಟ್ಟ ಮುಖ್ಯ ಪಾಠವೆಂದರೆ, ಲೋಹದ ಗುಣಮಟ್ಟದಷ್ಟೇ ಅದು ಕೂರುವ ಮೂಳೆಯ ಮಟ್ಟವೂ ಮುಖ್ಯ.

ಆ ಮಟ್ಟ ಹಿಡಿಯುವುದು ಹೀಗೆ. ಸೊಂಟದ ಕೀಲಿನ ನಡುವಿನಿಂದ ಹಿಮ್ಮಡಿ ಕೀಲಿನ ನಡುವಿಗೆ ಒಂದು ಗೆರೆ ಎಳೆದರೆ ಅದು ಮಂಡಿಯ ಮಧ್ಯದಲ್ಲಿ ಹಾದು ಹೋಗಬೇಕು. ಹಂಪಿಯ ಕಂಬಗಳನ್ನು ನಿಲ್ಲಿಸಿದ ಶಿಲ್ಪಿಗಳಿಗೆ ತೂಗುಗುಂಡಿನ ದಾರ ಹೇಗೋ, ಮೂಳೆ ಡಾಕ್ಟರಿಗೆ ಈ ಗೆರೆ ಹಾಗೆ. ತೊಡೆಯ ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು ಅದರ ಮಜ್ಜೆಯ ನಾಳದೊಳಗೆ ಉದ್ದನೆಯ ರಾಡು ತೂರಿಸುತ್ತಾರೆ. ಆ ರಾಡಿಗೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಓರೆಯಲ್ಲಿ ‘ಕಟಿಂಗ್ ಬ್ಲಾಕ್’ ಎಂಬ ಲೋಹದ ಅಚ್ಚನ್ನು ಮೂಳೆಗೆ ಪಿನ್ನಿನಿಂದ ಬಿಗಿಯುತ್ತಾರೆ. ಅಚ್ಚಿನ ಸೀಳಿನೊಳಗೆ ಗರಗಸದ ಅಲಗು ಹಾಯುತ್ತದೆ, ಸುಮಾರು 9 ಮಿಲಿಮೀಟರ್ ಮೂಳೆ ತುಂಡಾಗುತ್ತದೆ. ಕೆಳಗಿನ ಕಣಕಾಲಿನ ಮೂಳೆಗೆ ಬೇರೆ ಸಾಧನ: ಹಿಮ್ಮಡಿಯ ಗಂಟಿಗೆ ಹಿಡಿಕೆ ಹಾಕಿ, ಚರ್ಮದ ಹೊರಗಿನಿಂದಲೇ ಮೂಳೆಯ ಉದ್ದಕ್ಕೂ ಪಟ್ಟಿ ನಿಲ್ಲಿಸಿ, ಅದಕ್ಕೆ ಲಂಬವಾಗಿ ಮೇಲ್ಭಾಗವನ್ನು ಕತ್ತರಿಸುತ್ತಾರೆ. ಗರಗಸದ ಬಿಸಿಗೆ ಮೂಳೆಯ ಜೀವಕೋಶ ಸಾಯದಿರಲೆಂದು ಸಲೈನ್ ನೀರು ಹನಿಸುತ್ತಿರಬೇಕು. 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೂ ಮೂಳೆಗೆ ಹಾನಿ ಎಂದು 1983ರ ಪ್ರಯೋಗವೊಂದು ತೋರಿಸಿದೆ.

ಕತ್ತರಿಸಿದ ಮೇಲೂ ಕೆಲಸ ಮುಗಿಯದು. ಕಾಲು ಚಾಚಿದಾಗ ಇರುವ ಸಂದಿ, ಮಡಿಸಿದಾಗ ಇರುವ ಸಂದಿ ಎರಡೂ ಸಮವಾಗಿರಬೇಕು. ಅಳತೆಯ ಬ್ಲಾಕನ್ನು ನಡುವೆ ಇಟ್ಟು, ಅದರಿಂದ ಸೊಂಟಕ್ಕೂ ಹಿಮ್ಮಡಿಗೂ ರಾಡು ಹಿಡಿದು ಗೆರೆ ಸರಿಯಿದೆಯೇ ಎಂದು ಮತ್ತೆ ನೋಡುತ್ತಾರೆ. ತಪ್ಪಿದ್ದರೆ ತಿದ್ದಲು ಅದೇ ಗಳಿಗೆ. ಕೃತಕ ಮಂಡಿಯನ್ನು ಮೂಳೆಗೆ ಅಂಟಿಸುವ ಸಿಮೆಂಟು ಗಟ್ಟಿಯಾದ ಮೇಲೆ ತಿದ್ದುವ ದಾರಿ ಇನ್ನೊಂದು ಶಸ್ತ್ರಚಿಕಿತ್ಸೆ.

ಕಣಕಾಲಿನ ಮೂಳೆಯನ್ನು ಕತ್ತರಿಸುವಾಗ 3 ಡಿಗ್ರಿ ಓರೆಯಾದರೆ, 40 ಸೆಂಟಿಮೀಟರ್ ಕೆಳಗಿರುವ ಪಾದ ಸುಮಾರು 2 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಷ್ಟಾದರೆ ಮೈಭಾರವೆಲ್ಲ ಮಂಡಿಯ ಒಂದೇ ಬದಿಗೆ ಬಿದ್ದು ಲೋಹದ ಭಾಗಗಳ ನಡುವಿನ ಪ್ಲಾಸ್ಟಿಕ್ ಬೇಗ ಸವೆಯುತ್ತದೆ. ಬ್ರಿಟನ್ನಿನ ಜೆಫ್ರಿ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆರೆ 3 ಡಿಗ್ರಿಯೊಳಗೆ ಇದ್ದವರಲ್ಲಿ ಮಂಡಿ ಸಡಿಲಗೊಂಡದ್ದು ಶೇಕಡಾ 3. ಅದನ್ನು ಮೀರಿದವರಲ್ಲಿ ಶೇಕಡಾ 24. ಮುಂದೆ 2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು 398 ಮಂಡಿಗಳನ್ನು 15 ವರ್ಷದವರೆಗೆ ಗಮನಿಸಿ, 3 ಡಿಗ್ರಿಯ ಒಳಗಿದ್ದವು, ಹೊರಗಿದ್ದವು ಎಂಬುದರಿಂದ ಬಾಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂದರು. 2012ರಲ್ಲಿ ಬೆಲ್ಜಿಯಂನ ಬೆಲ್ಲೆಮನ್ಸ್ ತಂಡ ಆರೋಗ್ಯವಂತ ಯುವಜನರ ಕಾಲುಗಳನ್ನೇ ಅಳೆಯಿತು. ಗಂಡಸರಲ್ಲಿ ಶೇಕಡಾ 32, ಹೆಂಗಸರಲ್ಲಿ ಶೇಕಡಾ 17 ಜನರಿಗೆ ಸಹಜವಾಗಿಯೇ 3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಲ್ಲುಗಾಲು ಇತ್ತು. ಎಲ್ಲರ ಕಾಲನ್ನೂ ಒಂದೇ ನೇರ ಗೆರೆಗೆ ತರಬೇಕೇ, ಅವರವರ ಹುಟ್ಟುಗುಣಕ್ಕೆ ಹೊಂದಿಸಬೇಕೇ ಎಂಬ ಚರ್ಚೆ ಇಂದಿಗೂ ನಡೆದಿದೆ.

ಈ ಚರ್ಚೆ ಏನೇ ಹೇಳಲಿ, ರೋಗಿಯ ಕಾಲನ್ನು ಮೊದಲೇ ಅಳೆಯದೆ ಗರಗಸ ಎತ್ತುವಂತಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಬೇಕಾದದ್ದು ರೋಗಿಯನ್ನು ನಿಲ್ಲಿಸಿ ಸೊಂಟದಿಂದ ಹಿಮ್ಮಡಿವರೆಗೆ ತೆಗೆದ ಉದ್ದನೆಯ ಎಕ್ಸ್‌ರೇ. ತೊಡೆಯ ಮೂಳೆ ಬಾಗಿದ್ದರೆ ರಾಡು ಒಳಗೆ ಓರೆಯಾಗಿ ಕೂರುತ್ತದೆ, ಕತ್ತರಿಸುವ ಕೋನವೂ ಓರೆಯಾಗುತ್ತದೆ. 5 ಡಿಗ್ರಿಯೋ 7 ಡಿಗ್ರಿಯೋ ಎಂಬುದನ್ನು ಆ ಎಕ್ಸ್‌ರೇ ನೋಡಿಯೇ ತೀರ್ಮಾನಿಸಬೇಕು. ಮಂಡಿಯ ಗಿಡ್ಡ ಎಕ್ಸ್‌ರೇ ಒಂದನ್ನೇ ನೋಡಿ ಆಪರೇಷನ್ ದಿನ ಗೊತ್ತುಮಾಡುವ ರೂಢಿ ಎಲ್ಲೇ ಇರಲಿ, ನಿಲ್ಲಬೇಕು.

ಹಾಗಾದರೆ ಕಂಪ್ಯೂಟರು, ರೋಬೋಟು ಬೇಡವೇ? ಬೇಕಾದ ಕಡೆ ಖಂಡಿತ ಬೇಕು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1997ರಲ್ಲಿ ಕಂಪ್ಯೂಟರ್ ನೆರವಿನ ಮೊದಲ ಮಂಡಿ ಬದಲಾವಣೆ ನಡೆಯಿತು. ಅದಾದ ಮೇಲೆ ಕತ್ತರಿಸುವ ಕೋನದಲ್ಲಿ ದೊಡ್ಡ ತಪ್ಪುಗಳು ಕಡಿಮೆಯಾಗುತ್ತವೆ ಎಂದು ಹಲವು ಅಧ್ಯಯನಗಳು ಹೇಳಿವೆ. 65 ದಾಟದವರಲ್ಲಿ ಕಂಪ್ಯೂಟರ್ ನೆರವಿನಿಂದ ಮರುಶಸ್ತ್ರಚಿಕಿತ್ಸೆ ತಗ್ಗಿದ್ದನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆ ಆಧರಿಸಿದ 2015ರ ವರದಿ ತೋರಿಸಿತು. ಅಪಘಾತದಲ್ಲಿ ತೊಡೆ ಮುರಿದು ಒಳಗೆ ರಾಡು ಹಾಕಿಸಿಕೊಂಡವರು ಹೊಸಪೇಟೆ, ಸಂಡೂರು ರಸ್ತೆಯ ಊರುಗಳಲ್ಲಿ ಅಪರೂಪವಲ್ಲ. ಅಂಥವರ ಮೂಳೆಯೊಳಗೆ ಅಳತೆಯ ರಾಡು ತೂರದು. ಅಲ್ಲಿ ಕಂಪ್ಯೂಟರ್ ವರವೇ ಸರಿ.

ರೋಬೋಟ್ ಬಂದರೆ ನಡಿಗೆಯೇ ಬದಲಾಗುತ್ತದೆ ಎಂಬ ಜಾಹೀರಾತಿನ ಭರವಸೆಗೆ ಮಾತ್ರ ಅಷ್ಟು ಗಟ್ಟಿ ಆಧಾರವಿಲ್ಲ. ದಕ್ಷಿಣ ಕೊರಿಯಾದಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೋಬೋಟ್, ಇನ್ನೊಂದಕ್ಕೆ ಸಾಮಾನ್ಯ ಸಾಧನ ಬಳಸಿ, ಕನಿಷ್ಠ 10 ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನೋವು, ನಡಿಗೆ, ಮಂಡಿಯ ಬಾಳಿಕೆ ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಳಸಿದ ಯಂತ್ರ ಹಳೆಯ ತಲೆಮಾರಿನದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಹೊಸ ಯಂತ್ರ ಹತ್ತಾರು ವರ್ಷಗಳ ಬಾಳಿಕೆಯಲ್ಲಿ ಮೇಲೆಂದು ತೋರಿಸುವ ಹೊಣೆ ಅದನ್ನು ಮಾರುವವರದು. ಸಾಮಾನ್ಯ ಸಾಧನಗಳ ಕಾಲದಲ್ಲೇ ಕೂರಿಸಿದ ಮಂಡಿಗಳಲ್ಲಿ ಸುಮಾರು ಶೇಕಡಾ 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಅಂದಾಜು ಮಾಡಿದೆ. ಅಚ್ಚು, ರಾಡು, ಗರಗಸ ಹಿಡಿದು ನುರಿತ ಕೈಗಳು ಸಾಧಿಸಿದ ಫಲ ಇದು.

ಖರ್ಚಿನ ಪ್ರಶ್ನೆಯಲ್ಲಿ ಕರ್ನಾಟಕದ ಒಬ್ಬರ ಹೆಸರು ನೆನೆಯಬೇಕು. 2017ರ ಆಗಸ್ಟ್ 16ರಂದು, ಆಗ ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಘೋಷಿಸಿದರು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಸರಾಸರಿ ಬೆಲೆ 1,58,324 ರೂಪಾಯಿ ಇದ್ದದ್ದು, ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಬಡವರ ಪಾಲಿಗೆ ಅದು ದೊಡ್ಡ ಉಪಕಾರ. ಆದರೆ ಮಿತಿ ಬಿದ್ದದ್ದು ಇಂಪ್ಲಾಂಟಿಗೆ ಮಾತ್ರ. ಆಪರೇಷನ್ ಥಿಯೇಟರು, ಕೊಠಡಿ, ವೈದ್ಯರ ಶುಲ್ಕ, ರೋಬೋಟಿನ ಬಳಕೆಯ ಶುಲ್ಕ ಆ ಆದೇಶದ ಹೊರಗೆ ಉಳಿದವು. ಕೋಟಿಗಳ ಯಂತ್ರ ತಂದವರು ಅದರ ಖರ್ಚನ್ನು ಕೊನೆಗೆ ವಸೂಲು ಮಾಡುವುದು ರೋಗಿಯಿಂದಲೇ.

ಕಮಲಾಪುರದ ಕೂಲಿಕಾರರಿಗೆ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಆಚೆ. ಶಸ್ತ್ರಚಿಕಿತ್ಸೆಗೆ ಒಮ್ಮೆ ಹೋಗಿ ಬರಬಹುದು. ಹೊಲಿಗೆ ಬಿಚ್ಚಲು, ಫಿಸಿಯೋಥೆರಪಿಗೆ, ಸೋಂಕು ಕಂಡರೆ ತೋರಿಸಲು ಮತ್ತೆ ಮತ್ತೆ ಹೋಗುವುದು ಅವರ ಕೈಲಾಗದು. ಹೊಸಪೇಟೆ ಜಿಲ್ಲಾ ಕೇಂದ್ರವಾಗಿ 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ, ವಿಮ್ಸ್ ಎಂದು ಹೆಸರಾಗಿದ್ದದ್ದು. ಗಣಿಯ ಸಂಪತ್ತಿನಿಂದ ಬಂದ ಜಿಲ್ಲಾ ಖನಿಜ ನಿಧಿಯೂ ಈ ಭಾಗದಲ್ಲಿದೆ, ಆರೋಗ್ಯ ಆ ನಿಧಿಯ ಆದ್ಯತೆಯ ವಿಷಯಗಳಲ್ಲೊಂದು. ಒಂದು ರೋಬೋಟಿಗೆ ತಗಲುವ ಹಣದಲ್ಲಿ ಉದ್ದ ಎಕ್ಸ್‌ರೇ ಯಂತ್ರ, ಸ್ವಂತದ ಪೂರ್ಣ ಸಾಧನಗಳ ಸೆಟ್ಟುಗಳು, ಅವನ್ನು ಶುದ್ಧವಾಗಿ ಕಾಯುವ ಸಿಬ್ಬಂದಿ, ಫಿಸಿಯೋಥೆರಪಿಸ್ಟರು, ಕಿರಿಯ ವೈದ್ಯರಿಗೆ ತರಬೇತಿ ಎಲ್ಲವನ್ನೂ ಎರಡೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕಟ್ಟಬಹುದು. ಮೊದಲು ಆಗಬೇಕಾದದ್ದು ಅದು.

ಜೊತೆಗೆ ಲೆಕ್ಕ ಇಡಬೇಕು. ಸ್ವೀಡನ್ 1975ರಿಂದ ತನ್ನ ದೇಶದಲ್ಲಿ ಬದಲಿಸಿದ ಮಂಡಿಗಳ ದಾಖಲೆ ಇಟ್ಟಿದೆ. ಯಾವುದು ಬಾಳಿತು, ಯಾವುದು ಸೋತಿತು ಎಂಬುದು ಅದರಿಂದಲೇ ತಿಳಿದದ್ದು. ಭಾರತದಲ್ಲಿ ತಜ್ಞರ ಸಂಘದ ದಾಖಲೆ ಇದೆ, ಆದರೆ ಮಾಹಿತಿ ಕೊಡುವುದು ಆಸ್ಪತ್ರೆಗಳ ಇಚ್ಛೆಗೆ ಬಿಟ್ಟದ್ದು. ಆಯುಷ್ಮಾನ್ ಯೋಜನೆಯಡಿ ಸಾರ್ವಜನಿಕರ ಹಣ ಪಡೆಯುವ ಆಸ್ಪತ್ರೆಗಳಿಗಾದರೂ ರಾಜ್ಯ ಸರ್ಕಾರ ಇದನ್ನು ಕಡ್ಡಾಯ ಮಾಡಬೇಕು.

ಮಂಡಿ ಬದಲಿಸಿಕೊಳ್ಳಲು ಹೊರಟವರು ಡಾಕ್ಟರ ಮುಂದೆ ನಾಲ್ಕು ಪ್ರಶ್ನೆ ಇಡಲಿ. ಸೊಂಟದಿಂದ ಹಿಮ್ಮಡಿವರೆಗಿನ ಎಕ್ಸ್‌ರೇ ತೆಗೆಸುತ್ತೀರಾ? ವರ್ಷಕ್ಕೆ ಎಷ್ಟು ಮಂಡಿ ಬದಲಿಸುತ್ತೀರಿ? ನನ್ನ ಮೂಳೆಗೆ ಕಂಪ್ಯೂಟರ್ ನೆರವು ಬೇಕೇ, ಬೇಕಾದರೆ ಯಾಕೆ? ಆಮೇಲಿನ ವ್ಯಾಯಾಮ ಯಾರು ಮಾಡಿಸುತ್ತಾರೆ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಉತ್ತರ ಸಿಗದಿದ್ದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ, ಆಮೇಲೆ ಸಹಿ ಹಾಕಿ.